ಬಣ್ಣ, ಕುಂಚ ಮತ್ತು ನೆಲ: ತೈಲಚಿತ್ರದ ಕಾಂತಿಯ ಇತಿಹಾಸ

"ಸ್ವಾಮಿ, ಚಿತ್ರವು ಥಳಥಳನೆ ಹೊಳೆಯಬೇಕಾದರೆ ಯಾವ ಬಣ್ಣವನ್ನು ಕೊಳ್ಳಬೇಕು?" ಎಂದು ವಿದ್ಯಾರ್ಥಿಯೊಬ್ಬನು ಒಮ್ಮೆ ನನ್ನನ್ನು ಕೇಳಿದನು. ಪ್ರಶ್ನೆಯು ಚಿಕ್ಕದು, ಅಂಗಡಿಯ ಹೆಸರೊಂದನ್ನು ಹೇಳಿ ಮುಗಿಸಿಬಿಡಬಹುದಾಗಿತ್ತು. ಆದರೆ ಹಾಗೆ ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ನಾನೂ ನನ್ನ ಎಳೆಯ ವಯಸ್ಸಿನಲ್ಲಿ ಒಬ್ಬರನ್ನು ಕೇಳಿದ್ದೆನು. ಅವರು ಫಲಕಗಳನ್ನು ಬರೆಯುವುದರಲ್ಲಿ ನಿಪುಣರು. ನನ್ನ ಮಾತನ್ನು ಕೇಳಿ ನಸುನಕ್ಕು, ಬಣ್ಣದ ಡಬ್ಬಿಯ ಮುಚ್ಚಳವನ್ನು ಹಾಕಿ, ಸುಮ್ಮನಾದರು. ಹೇಳುವವರಿಲ್ಲದೆ ನಾನು ಹಳೆಯ ಪಂಚೆಯೊಂದನ್ನು ಮರದ ಚೌಕಟ್ಟಿಗೆ ಬಿಗಿದು, ಬರಿಯ ಬಟ್ಟೆಯ ಮೇಲೆಯೇ ಎಣ್ಣೆಯ ಬಣ್ಣದಿಂದ ಕಾವೇರಿಯ ಚಿತ್ರವೊಂದನ್ನು ಬರೆದೆನು. ಮೊದಲ ವರ್ಷ ನೋಡಿದವರೆಲ್ಲರೂ ಹೊಗಳಿದರು. ಕೆಲವೇ ವರ್ಷಗಳಲ್ಲಿ ಬಣ್ಣವು ಮಂಕಾಯಿತು, ಬಟ್ಟೆಯು ಹಪ್ಪಳದಂತೆ ಮುರಿಯಿತು, ಕಾವೇರಿಯು ಪುಡಿಯಾಗಿ ನೆಲಕ್ಕೆ ಉದುರಿದಳು. ಆ ಪುಡಿಯನ್ನು ಗುಡಿಸುವಾಗ ನನ್ನ ಮನಸ್ಸಿಗೆ ಬಂದ ಪ್ರಶ್ನೆಗಳೇ ಈ ಲೇಖನಕ್ಕೆ ಮೂಲವಾದವು. ಬಣ್ಣ, ಕುಂಚ, ನೆಲ ಎಂಬ ಈ ಮೂರನ್ನೂ ನಮ್ಮ ಹಿಂದಿನವರು ಹೇಗೆ ಆರಿಸಿಕೊಂಡರು? ಆ ಅರಿವು ಯಾರಿಂದ ಯಾರಿಗೆ ಬಂದಿತು, ಎಲ್ಲಿ ತಡೆಯಿತು?

ನಮ್ಮ ಕಣ್ಣೆದುರಿಗೆ ಇರುವುದರಿಂದಲೇ ಆರಂಭಿಸೋಣ. ಅಂಚೆಟ್ಟಿಯು ಸೇರಿರುವ ಕೃಷ್ಣಗಿರಿ ಜಿಲ್ಲೆಯಲ್ಲಿಯೇ ಮಲ್ಲಚಂದ್ರಂ ಎಂಬ ಊರಿದೆ. ಅಲ್ಲಿ ಬೃಹತ್ ಶಿಲಾಯುಗದ ಸಂಪ್ರದಾಯಕ್ಕೆ ಸೇರಿದ ಕಲ್ಮನೆಗಳು ಗುಂಪುಗುಂಪಾಗಿವೆ. ಇಂತಹವುಗಳನ್ನು ನಮ್ಮ ಜನರು ಪಾಂಡವರ ಮನೆಗಳೆಂದು ಕರೆಯುವ ರೂಢಿ. ಅವುಗಳಲ್ಲಿ ಕೆಲವುದರ ಒಳಮೈಯ ಚಪ್ಪಡಿಗಳ ಮೇಲೆ ಬಿಳಿಯ ಬಣ್ಣದಲ್ಲಿ ಮನುಷ್ಯರ, ಕುದುರೆ ಸವಾರರ ರೂಪಗಳನ್ನು ಬರೆದಿದ್ದಾರೆ. ಬರೆದವರ ಹೆಸರನ್ನು ಕಾಲವು ಉಳಿಸಲಿಲ್ಲ. ಆದರೆ ಅವರ ಆಯ್ಕೆಯನ್ನು ಉಳಿಸಿದೆ. ಮಸುಕಾದ ಕಲ್ಲಿನ ಮೇಲೆ ಬಿಳುಪು, ಮಳೆಯ ಹನಿ ನೇರವಾಗಿ ತಾಗದ ಒಳಮೈ. ಬಣ್ಣ ಒಂದೇ ಆದರೂ ಅದನ್ನು ಎಲ್ಲಿ ಇಡಬೇಕೆಂಬುದನ್ನು ಅವರು ಬಲ್ಲರು. ನೆಲವನ್ನು ಅರಿತು ಬಣ್ಣವನ್ನು ಆರಿಸಬೇಕೆಂಬ ಮೊದಲ ಪಾಠ ಅಲ್ಲಿಯೇ ಇದೆ.

ಈ ಅರಿವನ್ನು ಶಾಸ್ತ್ರವಾಗಿ ಬರೆದಿಟ್ಟ ಕೀರ್ತಿಯು ಕನ್ನಡನಾಡಿನ ಅರಸನೊಬ್ಬನಿಗೆ ಸಲ್ಲುತ್ತದೆ. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು 1126ರಿಂದ 1138ರ ವರೆಗೆ ಆಳಿದವನು. 'ಸರ್ವಜ್ಞ'ನೆಂದು ಬಿರುದು ಪಡೆದವನು. ಅವನು ಸಂಸ್ಕೃತದಲ್ಲಿ ರಚಿಸಿದ 'ಅಭಿಲಷಿತಾರ್ಥ ಚಿಂತಾಮಣಿ'ಗೆ 'ಮಾನಸೋಲ್ಲಾಸ'ವೆಂದೂ ಹೆಸರುಂಟು. ನೂರು ಅಧ್ಯಾಯಗಳ ಆ ಮಹಾಗ್ರಂಥದಲ್ಲಿ ಅಡುಗೆಯಿಂದ ಆನೆಯ ವರೆಗೆ ಎಲ್ಲಕ್ಕೂ ಎಡೆಯಿದೆ, ಚಿತ್ರಕರ್ಮಕ್ಕೂ ಇದೆ. ಅದರ ಮೊದಲ ಭಾಗವು 1926ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚಾಯಿತು.

ಸೋಮೇಶ್ವರನು ಚಿತ್ರವನ್ನು ಹೇಳುವ ಮೊದಲು ಗೋಡೆಯನ್ನು ಹೇಳುತ್ತಾನೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವ ವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿಡಬೇಕು. ಇದೇ ವಜ್ರಲೇಪ. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣಿನೊಡನೆ ಬೆರೆಸಿ, ನುಣುಪಾದ ಗೋಡೆಗೆ ಪದರ ಪದರವಾಗಿ ಬಳಿದು ಒಣಗಿಸಬೇಕು. ಆಮೇಲೆ ಕುಂಚದ ಮಾತು: ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಹಿಡಿಗೆ ಅಂಟಿಸಿ ಕುಂಚವನ್ನು ಮಾಡಬೇಕು, ದಪ್ಪ, ನಡುತರ, ಸಣ್ಣದು ಎಂದು ಕುಂಚಗಳು ಬೇರೆ ಬೇರೆಯಾಗಿರಬೇಕು. ಬಣ್ಣಗಳಾದರೋ ಶಂಖದ ಬಿಳುಪು, ಇಂಗಳೀಕದ ಮತ್ತು ಅರಗಿನ ಕೆಂಪು, ಕಾವಿ, ಹರಿದಳದ ಹಳದಿ, ಕಾಡಿಗೆಯ ಕಪ್ಪು. ಚಿನ್ನವನ್ನು ಅರೆದು ಹಚ್ಚಿ ಹಂದಿಯ ಕೋರೆಯಿಂದ ತಿಕ್ಕಿದರೆ ಅದು ಮಿಂಚಿನಂತೆ ಹೊಳೆಯುವುದೆಂದೂ ಅವನು ತಿಳಿಸುತ್ತಾನೆ. ಅರಸನೊಬ್ಬನು ತೊಗಲು ಬೇಯಿಸುವ ವಿಷಯವನ್ನು ಬರೆಯಲು ನಾಚಲಿಲ್ಲವೆಂಬುದನ್ನು ನಾವು ಗಮನಿಸಬೇಕು. ತಿಳಿದುದನ್ನು ಬರೆದಿಟ್ಟನು, ಆದುದರಿಂದಲೇ ಒಂಬತ್ತು ಶತಮಾನಗಳ ಮೇಲೆ ನಾವು ಅದನ್ನು ಓದುತ್ತಿದ್ದೇವೆ.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯೂ ಈ ಪರಂಪರೆಯದೇ. 1799ರಲ್ಲಿ ಬಾಲಕನಾಗಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ದೊಡ್ಡ ಆಶ್ರಯದಾತರಾದರು. ಮರದ ಹಲಗೆಗೆ ಬಟ್ಟೆ ಅಥವಾ ಕಾಗದವನ್ನು ಅಂಟಿಸಿ ನೆಲವನ್ನು ಸಿದ್ಧಪಡಿಸುವುದು, ಹುಣಿಸೆಯ ಕಡ್ಡಿಯನ್ನು ಸುಟ್ಟ ಇದ್ದಲಿನಿಂದ ರೇಖೆ ಹಾಕುವುದು, ಅಳಿಲಿನ ಕೂದಲಿನ ಕುಂಚದಿಂದ ನವುರಾಗಿ ಬಣ್ಣ ತುಂಬುವುದು, ಸಫೇದ ಮತ್ತು ಮಕ್ಕಿ ಎಂಬ ಹಳದಿಯ ಅಂಟನ್ನು ಬೆರೆಸಿ ಒಡವೆಗಳನ್ನು ತುಸುವೇ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವುದು - ಇವು ಆ ಕ್ರಮದ ಮೆಟ್ಟಿಲುಗಳು. ಇಲ್ಲಿ ಬಣ್ಣವನ್ನು ಹಿಡಿದಿಡುವುದು ಗಿಡದ ಗೋಂದು, ಕರಗಿಸುವುದು ನೀರು. ಎಣ್ಣೆಗೆ ಎಡೆಯಿಲ್ಲ.

ಎಣ್ಣೆಯ ಚಿತ್ರವು ನಮ್ಮ ಸೀಮೆಯನ್ನು ಹೊಕ್ಕಿದ್ದು ಯುದ್ಧದ ಬೆನ್ನ ಹಿಂದೆ. ಇಂಗ್ಲಿಷರಿಗೂ ಟಿಪ್ಪು ಸುಲ್ತಾನನಿಗೂ ನಡೆದ ಮೂರನೆಯ ಮೈಸೂರು ಯುದ್ಧವು 1792ರಲ್ಲಿ ಮುಗಿದ ಒಡನೆಯೇ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಡೇನಿಯಲ್ ಎಂಬ ಇಬ್ಬರು ಇಂಗ್ಲಿಷ್ ಚಿತ್ರಕಾರರು ಬಾರಾಮಹಲಿನ ದಾರಿಯಲ್ಲಿ ಸಂಚರಿಸಿದರು. ಹೊಸೂರು, ರಾಯಕೋಟೆ, ವೀರಭದ್ರದುರ್ಗ ಮೊದಲಾದ ನಮ್ಮ ಸುತ್ತಲಿನ ಸ್ಥಳಗಳನ್ನು ಅವರು ಬರೆದುಕೊಂಡರು. ಅವುಗಳ ಮುದ್ರಿತ ಚಿತ್ರಗಳು 1795ರಿಂದ 1808ರ ವರೆಗೆ ಲಂಡನ್ನಿನಲ್ಲಿ ಹೊರಬಂದ 'ಓರಿಯೆಂಟಲ್ ಸೀನರಿ' ಎಂಬ ಸಂಪುಟಗಳಲ್ಲಿ ಸೇರಿವೆ. ನಾವು ದಿನವೂ ಬಸ್ಸಿನಿಂದ ನೋಡುವ ಗುಡ್ಡಗಳು ಎರಡು ಶತಮಾನಗಳ ಹಿಂದೆಯೇ ಸಮುದ್ರದಾಚೆಯ ಗೋಡೆಗಳನ್ನು ಅಲಂಕರಿಸಿದ್ದವು! ಆದರೆ ಅವರು ದಾರಿಯಲ್ಲಿ ಮುಖ್ಯವಾಗಿ ಬಳಸಿದ್ದು ಕಾಗದ, ಸೀಸದ ಕಡ್ಡಿ, ನೀರಿನ ಬಣ್ಣ. ತೈಲಚಿತ್ರಗಳನ್ನು ರಚಿಸುವುದಕ್ಕೆ ಚಿತ್ರಶಾಲೆಯೇ ಬೇಕಾಗಿತ್ತು. ಏಕೆಂದರೆ ಆ ಕಾಲದಲ್ಲಿ ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದ ಚೀಲವನ್ನು ಮತ್ತೆ ಸರಿಯಾಗಿ ಮುಚ್ಚಲಾಗದು, ಬಣ್ಣವು ಗಟ್ಟಿಯಾಗುವುದು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ಹಿಂಡುಗೊಳವೆಯನ್ನು ಕಂಡುಹಿಡಿದ ಮೇಲೆಯೇ ತೈಲವರ್ಣವು ಬಯಲಿಗೆ ಬಂದಿತು. ಇಂದು ಮಕ್ಕಳು ಅಂಗಡಿಯಲ್ಲಿ ಕೊಳ್ಳುವ ಟ್ಯೂಬು ಅದೇ.

ಇಷ್ಟಕ್ಕೂ ಎಣ್ಣೆಯಲ್ಲಿ ಏನು ವಿಶೇಷ? ಅಗಸೆ ಎಣ್ಣೆಯು ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿಯಾದ ಪೊರೆಯಾಗುತ್ತದೆ. ನಮ್ಮ ಕಡಲೆಕಾಯಿ ಎಣ್ಣೆಯಾಗಲಿ ಎಳ್ಳೆಣ್ಣೆಯಾಗಲಿ ಹೀಗೆ ಗಟ್ಟಿಯಾಗದು, ಜಿಗುಟಾಗಿಯೇ ಉಳಿಯುವುದು. ಈ ಗುಣವನ್ನು ಹದಿನೈದನೆಯ ಶತಮಾನದಲ್ಲಿ ಯಾನ್ ವಾನ್ ಐಕ್ ಎಂಬ ಫ್ಲಾಂಡರ್ಸಿನ ಚಿತ್ರಕಾರನು ಕಂಡುಹಿಡಿದನೆಂದು ಬಹುಕಾಲ ನಂಬಿದ್ದರು. ಅವನು ಅದನ್ನು ಪರಾಕಾಷ್ಠೆಗೆ ಒಯ್ದದ್ದು ನಿಜ. ಆದರೆ ಅಫಘಾನಿಸ್ತಾನದ ಬಾಮಿಯಾನದ ಗುಹೆಗಳಲ್ಲಿ, ಸುಮಾರು ಏಳನೆಯ ಶತಮಾನದ ಬೌದ್ಧ ಚಿತ್ರಗಳಲ್ಲಿಯೇ ಒಣಗುವ ಎಣ್ಣೆಯನ್ನು ಬಳಸಿದ್ದರೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿಕೊಟ್ಟಿತು. ವಿದ್ಯೆಯು ಒಂದೇ ನಾಡಿನ ಸೊತ್ತಲ್ಲ.

ಎಣ್ಣೆಯು ಬಂದಾಗ ಹಳೆಯ ಬಣ್ಣಗಳ ಬೆಲೆಯೂ ಬದಲಾಯಿತು. ಶಂಖದ ಪುಡಿಯನ್ನೇ ನೋಡಿರಿ. ಗೋಂದಿನಲ್ಲಿ ಕಲಸಿ ಬಳಿದರೆ ಅದು ಹಾಲಿನಂತೆ ಬೆಳ್ಳಗಿರುತ್ತದೆ. ಅಗಸೆ ಎಣ್ಣೆಯಲ್ಲಿ ಕಲಸಿದರೆ ಬೂದುಬಣ್ಣಕ್ಕೆ ತಿರುಗಿ ಮಸುಕಾದ ಗಾಜಿನಂತಾಗುತ್ತದೆ. ಇದು ಮಾಟವಲ್ಲ, ಬೆಳಕಿನ ನಿಯಮ. ಒಂದು ಕಣದ ವಕ್ರೀಭವನಾಂಕವು ಅದರ ಸುತ್ತಲಿನ ವಸ್ತುವಿಗಿಂತ ಎಷ್ಟು ಹೆಚ್ಚೋ ಅಷ್ಟು ಬೆಳಕನ್ನು ಅದು ಚದುರಿಸುತ್ತದೆ. ಸುಣ್ಣದ ಜಾತಿಯ ಬಿಳುಪಿನ ಅಂಕವು 1.5ರಿಂದ 1.6, ಗಾಳಿಯದು 1, ಅಗಸೆ ಎಣ್ಣೆಯದು ಸುಮಾರು 1.48. ನೀರು ಆರಿದ ಮೇಲೆ ಕಣಗಳ ನಡುವೆ ಗಾಳಿಯು ತುಂಬುವುದರಿಂದ ಶಂಖವು ಬೆಳ್ಳಗೆ ಕಾಣುತ್ತದೆ. ಎಣ್ಣೆಯು ತುಂಬಿದರೆ ಅಂತರವು ಅಳಿದು ಅದು ಪಾರದರ್ಶಕವಾಗುತ್ತದೆ. ಆದುದರಿಂದ ತೈಲಚಿತ್ರಕ್ಕೆ ಸುಮಾರು 2 ಅಂಕವುಳ್ಳ ಸೀಸದ ಬಿಳುಪು ಬೇಕಾಯಿತು. ಆಮೇಲೆ ಸತುವಿನ ಬಿಳುಪು ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 2.7 ಅಂಕವುಳ್ಳ ಟೈಟಾನಿಯಂ ಬಿಳುಪು ಎಲ್ಲವನ್ನೂ ಮೀರಿಸಿತು. ಆ ಟೈಟಾನಿಯಮ್ಮಿನ ಅದಿರಾದ ಇಲ್ಮನೈಟ್ ಎಂಬ ಕಪ್ಪು ಮರಳು ಕೇರಳದ ಚವರದಲ್ಲಿಯೂ ನಮ್ಮ ತಮಿಳುನಾಡಿನ ಮಣವಾಳಕುರಿಚಿಯಲ್ಲಿಯೂ ಕಡಲತೀರದಲ್ಲಿ ದೊರೆಯುತ್ತದೆಂಬುದು ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ. ಅತ್ಯಂತ ಬಿಳಿಯ ಬಣ್ಣವು ಕಪ್ಪು ಮರಳಿನಿಂದ ಹುಟ್ಟುತ್ತದೆ!

ಹತ್ತೊಂಬತ್ತನೆಯ ಶತಮಾನವು ಬಣ್ಣಗಳ ಸುಗ್ಗಿಯ ಕಾಲ. 1802ರಲ್ಲಿ ಕೋಬಾಲ್ಟ್ ನೀಲಿ. 1820ರ ದಶಕದ ಕೊನೆಯಲ್ಲಿ, ಚಿನ್ನದ ಬೆಲೆಯ ರಾಜಾವರ್ತ ಶಿಲೆಗೆ ಬದಲಾಗಿ ಕೃತಕ ಅಲ್ಟ್ರಾಮರೀನ್. ಆಮೇಲೆ ಕ್ಯಾಡ್ಮಿಯಂ ಹಳದಿ. 1859ರಲ್ಲಿ ವಿರಿಡಿಯನ್ ಹಸುರು. ಆದರೆ ಹೊಸದೆಲ್ಲವೂ ಒಳ್ಳೆಯದಾಗಲಿಲ್ಲ. ಕ್ರೋಮ್ ಹಳದಿಯು ಅಗ್ಗವಾಗಿ, ಉಜ್ಜ್ವಲವಾಗಿ ಬಂದಿತು. ವಾನ್ ಗಾಗ್‌ನು ಅದನ್ನು ಮನದಣಿಯೆ ಬಳಸಿದನು. ಬೆಳಕು ತಗುಲಿ ಆ ಹಳದಿಯು ಕಂದುಬಣ್ಣಕ್ಕೆ ತಿರುಗುತ್ತಿರುವುದನ್ನು 2011ರಲ್ಲಿ ವಿಜ್ಞಾನಿಗಳು ವಿವರಿಸಿದರು. ನಮ್ಮ ಇಂಗಳೀಕವೂ ಬಿಸಿಲಿಗೆ ಕಪ್ಪಾಗುವ ಸ್ವಭಾವದ್ದು. ಹರಿದಳವು ಪಾಷಾಣದ ಸಂಬಂಧವುಳ್ಳ ವಿಷ. ಬಡವನ ಬಣ್ಣವೆನಿಸಿದ ಕಾವಿಮಣ್ಣಾದರೋ ಬಿಸಿಲಿಗೂ ಅಂಜದು, ಎಣ್ಣೆಗೂ ಅಂಜದು. ಅಂಗಡಿಯಲ್ಲಿ ಹೊಳೆಯುವುದೇ ಗೋಡೆಯ ಮೇಲೆಯೂ ಬಾಳುವುದೆಂದು ತಿಳಿಯಲಾಗದು.

ಈಗ ಈ ಚರಿತ್ರೆಯ ಮರ್ಮಸ್ಥಾನಕ್ಕೆ ಬರೋಣ. 1868ನೆಯ ವರ್ಷವನ್ನು ಗಮನಿಸಿರಿ. ಆ ವರ್ಷ ಮೈಸೂರು ಶೈಲಿಯ ಆಶ್ರಯದಾತರಾದ ಮುಮ್ಮಡಿಯವರು ಕಾಲವಾದರು. ಅದೇ ವರ್ಷ ಥಿಯೋಡರ್ ಜೆನ್ಸನ್ ಎಂಬ ಯೂರೋಪಿನ ಚಿತ್ರಕಾರನು ತಿರುವಾಂಕೂರಿನ ಆಸ್ಥಾನಕ್ಕೆ ಬಂದನು. ಆಗ ಅಲ್ಲಿದ್ದ ರವಿವರ್ಮನಿಗೆ ಇಪ್ಪತ್ತು ವರ್ಷ. ತೈಲವರ್ಣದ ಕ್ರಮವನ್ನು ಬಲ್ಲ ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರು ಅದನ್ನು ಕಲಿಸಲು ಒಪ್ಪಲಿಲ್ಲವೆಂದು ರವಿವರ್ಮನ ಜೀವನಚರಿತ್ರೆಗಳು ಹೇಳುತ್ತವೆ. ಜೆನ್ಸನ್ನನೂ ಕಲಿಸಲಿಲ್ಲ, ತಾನು ಬರೆಯುವಾಗ ನೋಡುತ್ತಿರಲು ಮಾತ್ರ ಅನುಮತಿಯನ್ನಿತ್ತನು. ರವಿವರ್ಮನು ನೋಡಿದನು, ಮನೆಗೆ ಬಂದು ತಾನೇ ಮಾಡಿದನು, ಕೆಡಿಸಿದನು, ಮತ್ತೆ ಮಾಡಿದನು. 1870ರಲ್ಲಿ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಹೋಗಿ ಸೇವೆ ಮಾಡಿ, ಆ ಬಳಿಕ ಚಿತ್ರವೃತ್ತಿಯನ್ನೇ ಹಿಡಿದನೆಂದು ಪ್ರತೀತಿ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಕರೆಯ ಮೇರೆಗೆ ಮೈಸೂರಿಗೆ ಬಂದು ರಾಜಪರಿವಾರದ ಚಿತ್ರಗಳನ್ನು ಬರೆದನು. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣಕಥೆಗಳ ಒಂಬತ್ತು ಚಿತ್ರಗಳನ್ನು ಬರೆಯಲು ಅವನನ್ನು ನಿಯಮಿಸಿದರು. 1906ರಲ್ಲಿ ಅವನು ತೀರಿಕೊಂಡನು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಅವನ ಕೈಚಳಕವನ್ನು ಇಂದಿಗೂ ಕಾಣಬಹುದು.

ಒಂದು ಬಾಗಿಲು ಮುಚ್ಚಿದುದರಿಂದ ರವಿವರ್ಮನು ಕೆಡಲಿಲ್ಲ. ಅವನು ಪ್ರತಿಭಾಶಾಲಿ, ಅರಮನೆಯ ನೆರಳಿನಲ್ಲಿದ್ದವನು, ಬಣ್ಣಗಳು ಕೈಗೆಟುಕುವಂತಿದ್ದವನು. ಆದರೆ ಅಂತಹ ಬಾಗಿಲ ಹೊರಗೆ ನಿಂತು ಹಿಂದಿರುಗಿದ, ಹೆಸರಿಲ್ಲದ ಹುಡುಗರೆಷ್ಟೋ! ಗುಟ್ಟನ್ನು ಮನೆತನದೊಳಗೆ ಕಾಪಾಡಿದ ವಿದ್ಯೆಯು ಮನೆತನದೊಡನೆಯೇ ಅಳಿಯುತ್ತದೆ. ಸೋಮೇಶ್ವರನು ಬರೆದಿಟ್ಟನು, ಉಳಿಯಿತು. ಇದೇ ಈ ಚರಿತ್ರೆಯ ತಿರುಳು.

ಕುಂಚದ ಮಾತನ್ನೂ ಹೇಳಬೇಕು. ನೀರಿನ ಬಣ್ಣವು ತೆಳು; ಅದಕ್ಕೆ ಅಳಿಲಿನ ಕೂದಲಿನಂತಹ ಮೆದು ಕುಂಚ ಸಾಕು. ಎಣ್ಣೆಯ ಬಣ್ಣವು ಬೆಣ್ಣೆಯಂತೆ ಗಟ್ಟಿ. ಅದನ್ನು ತಳ್ಳಿ ಹರಡಲು ಹಂದಿಯ ಬಿರುಗೂದಲು ಬೇಕಾಯಿತು. ಮೊದಲು ಕೂದಲನ್ನು ದಾರದಿಂದ ಕಟ್ಟುತ್ತಿದ್ದುದರಿಂದ ಕುಂಚಗಳೆಲ್ಲವೂ ದುಂಡಗಿರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಲೋಹದ ಪಟ್ಟಿಯ ಬಳಕೆ ಹರಡಿದ ಮೇಲೆ ಚಪ್ಪಟೆಯ ಕುಂಚವು ಸಾಮಾನ್ಯವಾಯಿತು. ಅಗಲವಾದ, ಧೈರ್ಯವುಳ್ಳ ಎಳೆತಗಳು ಸುಲಭವಾದವು. ನಮ್ಮ ದೇಶದಲ್ಲಿ ಮುಂಗುಸಿಯ ಕೂದಲಿನ ಕುಂಚಗಳಿಗೆ ಬಹಳ ಬೇಡಿಕೆಯಿತ್ತು. ಅದಕ್ಕಾಗಿ ಆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯು ಈಗ ಮುಂಗುಸಿಗೆ ಇದೆ. ಆ ವ್ಯಾಪಾರವು ಅಪರಾಧ. ಕಾಡಿನ ಮಡಿಲಲ್ಲಿರುವ ಅಂಚೆಟ್ಟಿಯ ಮಕ್ಕಳು ಇದನ್ನು ಇತರರಿಗಿಂತ ಚೆನ್ನಾಗಿ ಅರಿಯಬಲ್ಲರು. ಕೃತಕ ಎಳೆಯ ಕುಂಚಗಳು ಇಂದು ಅಗ್ಗವಾಗಿ ದೊರೆಯುವಾಗ ಒಂದು ಜೀವದ ಬೆಲೆಗೆ ರೇಖೆಯನ್ನು ಎಳೆಯಬೇಕಾಗಿಲ್ಲ.

ಇನ್ನು ನೆಲ. ಯೂರೋಪಿನಲ್ಲಿ ಮೊದಲು ಮರದ ಹಲಗೆಯ ಮೇಲೆ ಬರೆಯುತ್ತಿದ್ದರು. ನೀರಿನ ಮೇಲೆ ಕಟ್ಟಿದ ವೆನಿಸ್ ನಗರದಲ್ಲಿ ಗೋಡೆಯ ಚಿತ್ರಗಳು ತೇವದಿಂದ ಕೆಡುತ್ತಿದ್ದುದರಿಂದ, ಹದಿನಾರನೆಯ ಶತಮಾನದಲ್ಲಿ ಅಲ್ಲಿನವರು ಹಡಗಿನ ಹಾಯಿಗೆ ಹೆಸರಾದ ಕ್ಯಾನ್ವಾಸಿನ ಕಡೆಗೆ ತಿರುಗಿದರು. ಆದರೆ ಬರಿಯ ಬಟ್ಟೆಯ ಮೇಲೆ ಅವರು ಬರೆಯಲಿಲ್ಲ. ತೊಗಲಿನಿಂದ ಮಾಡಿದ ಅಂಟನ್ನು ಮೊದಲು ಸವರಿ, ಆಮೇಲೆ ಬಿಳಿಯ ಸಜ್ಜನ್ನು ಬಳಿದು, ಅದರ ಮೇಲೆ ಎಣ್ಣೆಬಣ್ಣವನ್ನು ಹಚ್ಚಿದರು. ಕಲ್ಯಾಣದ ಅರಸನು ಹೇಳಿದ ವಜ್ರಲೇಪವೂ ವೆನಿಸ್ಸಿನ ಅಂಟೂ ಒಂದೇ ಜಾತಿಯವು! ಈ ಅಂಟು ಏಕೆ ಬೇಕು? ಎಣ್ಣೆಯು ಗಟ್ಟಿಯಾಗುವಾಗ ಅದರೊಡನೆ ಬಟ್ಟೆಯ ನೂಲೂ ಸವೆದು ಸುಡುಬೂದಿಯಂತಾಗುತ್ತದೆ. ನಡುವೆ ತಡೆಯಿದ್ದರೆ ನೂಲು ಉಳಿಯುತ್ತದೆ. ನನ್ನ ಕಾವೇರಿಯು ಪುಡಿಯಾದುದಕ್ಕೆ ಕಾರಣವು ಇದೇ. ಯಾರಾದರೊಬ್ಬರು ಈ ಒಂದು ವಾಕ್ಯವನ್ನು ನನಗೆ ಹೇಳಿದ್ದರೆ ಸಾಕಾಗಿತ್ತು.

ಬಿಳಿಯ ನೆಲವು ಕಾವಲು ಮಾತ್ರವಲ್ಲ, ದೀಪವೂ ಹೌದು. ತೆಳುವಾದ ಬಣ್ಣದ ಪೊರೆಯನ್ನು ದಾಟಿದ ಬೆಳಕು ಬಿಳಿಯ ನೆಲವನ್ನು ಮುಟ್ಟಿ, ಹಿಂದಿರುಗಿ, ಬಣ್ಣವನ್ನು ಒಳಗಿನಿಂದ ಬೆಳಗುತ್ತದೆ. ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಳದಣಕರರು ಬರೆದ, ದೀಪವನ್ನು ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರವಿದೆ. ಅವಳ ಬೆರಳುಗಳ ನಡುವಿನಿಂದ ಸೂಸುವ ಕೆಂಬೆಳಕನ್ನು ಕಂಡು ತೈಲಚಿತ್ರವೆಂದೇ ಭಾವಿಸುವವರು ಹಲವರು. ವಾಸ್ತವವಾಗಿ ಅದು ಜಲವರ್ಣ; ಆ ಹೊಳಪಿಗೆ ಆಧಾರ ಕಾಗದದ ಬಿಳುಪು, ಸುತ್ತಲಿನ ಕತ್ತಲು. ಬಣ್ಣವೊಂದರ ಉಜ್ಜ್ವಲತೆಯು ಅದರ ನೆರೆಯ ಬಣ್ಣವನ್ನು ಅವಲಂಬಿಸಿದೆಯೆಂದು ಫ್ರಾನ್ಸಿನ ಷೆವ್ರುಲ್ ಎಂಬ ರಸಾಯನಶಾಸ್ತ್ರಜ್ಞನು 1839ರಲ್ಲಿ ಗ್ರಂಥವನ್ನೇ ಬರೆದನು. ಕಾಂತಿಯು ಡಬ್ಬಿಯಲ್ಲಿ ದೊರೆಯುವ ಪದಾರ್ಥವಲ್ಲ. ಅದು ಸಂಬಂಧಗಳಿಂದ ಹುಟ್ಟುತ್ತದೆ.

ಹಾಗಾದರೆ ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವೇನು? ಬಣ್ಣಗಳು ಆರು ಸಾಕು: ಟೈಟಾನಿಯಂ ಬಿಳುಪು, ಕಾವಿಯ ಕೆಂಪು, ಮಣ್ಣಿನ ಹಳದಿ, ಅಲ್ಟ್ರಾಮರೀನ್ ನೀಲಿ, ಬಾಳಿಕೆಯುಳ್ಳ ಒಂದು ಉಜ್ಜ್ವಲ ಹಳದಿ, ಅಂತಹದೇ ಒಂದು ಉಜ್ಜ್ವಲ ಕೆಂಪು. ಸೀಸ, ಪಾಷಾಣಗಳಿರುವ ಬಣ್ಣಗಳನ್ನು ಮಕ್ಕಳ ಕೈಗೆ ಕೊಡಲಾಗದು. ಬಿರುಸಾದ ಚಪ್ಪಟೆ ಕುಂಚಗಳು ಎರಡು, ಮೆದುವಾದ ದುಂಡು ಕುಂಚವೊಂದು. ಹತ್ತಿಯ ಬಟ್ಟೆಯನ್ನಾಗಲಿ ಹಲಗೆಯನ್ನಾಗಲಿ ಅಕ್ರಿಲಿಕ್ ಸಜ್ಜಿನಿಂದ ಎರಡು ಬಾರಿ ಬಳಿದು, ಚೆನ್ನಾಗಿ ಒಣಗಿಸಿಕೋ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಲಿ. ಇಲ್ಲವಾದರೆ ಮೇಲಿನದು ಬೇಗ ಒಣಗಿ ಬಿರಿಯುವುದು. ಇಷ್ಟನ್ನು ಹೇಳಿ, "ಇದನ್ನು ನಿನ್ನ ಗೆಳೆಯರಿಗೂ ಹೇಳು" ಎಂದೆನು. ಆ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಭಾವನೆ.

ಗಡಿನಾಡಿನ ಕನ್ನಡ ಶಾಲೆಯ ಉಪಾಧ್ಯಾಯರಿಗೆ ಇದರಲ್ಲಿ ಇನ್ನೊಂದು ಹೊಣೆಯುಂಟು. ಇಂಗಳೀಕ, ಹರಿದಳ, ಕಾವಿ, ಕಾಡಿಗೆ, ಸಫೇದ, ಸಜ್ಜು - ಈ ಮಾತುಗಳು ನಮ್ಮ ಮಕ್ಕಳ ಕಿವಿಗೆ ಈಗ ಅಪರೂಪವಾಗಿವೆ. ಮಾತು ಮರೆತರೆ ಅದರ ಹಿಂದಿನ ಅನುಭವವೂ ಮರೆಯುತ್ತದೆ. ಹೊಸ ಬಣ್ಣಗಳ ಹೊಸ ಹೆಸರುಗಳನ್ನೂ ಸಂಕೋಚವಿಲ್ಲದೆ ಬರಮಾಡಿಕೊಂಡು, ಹಳೆಯವುಗಳನ್ನೂ ಬಾಯಲ್ಲಿ ಉಳಿಸಿಕೊಂಡು, ಎರಡನ್ನೂ ಕನ್ನಡದಲ್ಲಿಯೇ ಮಕ್ಕಳಿಗೆ ವಿವರಿಸೋಣ. ಮಲ್ಲಚಂದ್ರದ ಕಲ್ಲಿನ ಮೇಲೆ ಬಿಳಿಯ ಸವಾರನನ್ನು ಬರೆದವನು ತನ್ನ ವಿದ್ಯೆಯನ್ನು ಯಾರಿಗಾದರೂ ಹೇಳಿದನೋ ಇಲ್ಲವೋ, ಕೇಳಲು ಈಗ ಯಾರೂ ಇಲ್ಲ. ನಮ್ಮನ್ನು ಕೇಳುವ ಮಕ್ಕಳು ಮಾತ್ರ ಎದುರಿನ ಬೆಂಚಿನ ಮೇಲೆಯೇ ಕುಳಿತಿದ್ದಾರೆ. ನಾವು ಡಬ್ಬಿಯ ಮುಚ್ಚಳವನ್ನು ತೆರೆದಿಡೋಣ.